ತಂತ್ರಾಂಶಕ್ಕೂ ಒಂದು ರಿಹರ್ಸಲ್



ಸದಾ ಕ್ಯಾಮೆರಾದ ಹಿಂದೆ ನಿಲ್ಲುವವರು ಅದರ ಮುಂದೆ ಬಂದು ಕುಳಿತಾಗ ಸ್ವಲ್ಪ ಮುಜುಗರವಾಗುವುದು ಸಹಜ. ನಾನು ವೃತ್ತಿಯಿಂದ ಕಾರ್ಯಕ್ರಮ ನಿರ್ಮಾಪಕಿ. ಓದಿದ್ದು ಬಿ.ಎಸ್ಸಿ.; ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್. ಕಾಲೇಜಿನಲ್ಲಿ ಕಲಿತ ಪ್ರೋಗ್ರಾಂ ಬರೆಯುವ ವಿದ್ಯೆಯನ್ನು ಪೂರ್ತಿ ಮರೆಯದೆ ಉಳಿಸಿಕೊಂಡಿದ್ದೇನೆ, ಅಷ್ಟೆ. ಆದ್ದರಿಂದ ಇಂದಿನ ಮಾತನ್ನು ಪರಿಣತರ ಉಪನ್ಯಾಸವೆಂದು ದಯವಿಟ್ಟು ತಿಳಿಯಬೇಡಿ. ಮೂರು ಜನ ಸೇರಿ ಒಂದು ಸಣ್ಣ ತಂತ್ರಾಂಶ ಮಾಡಲು ಹೋಗಿ, ಅದನ್ನು ಪರೀಕ್ಷಿಸುವ ಚೌಕಟ್ಟು ಯಾವುದಿರಬೇಕು, ಅದನ್ನು ಕಟ್ಟಿ ಇನ್ನೊಬ್ಬರ ಕೈಗೆ ಕೊಡುವ ವ್ಯವಸ್ಥೆ ಹೇಗಿರಬೇಕು ಎಂದು ತಲೆ ಕೆಡಿಸಿಕೊಂಡ ಕಥೆ ಇದು.

ನಮ್ಮ ಬಡಾವಣೆಯಲ್ಲಿ ಒಂದು ಹಳೆಯ ಸಂಗೀತ ಸಭೆ ಇದೆ. ಅದರ ಕಾರ್ಯದರ್ಶಿಗಳು ಬಹಳ ಶಿಸ್ತಿನವರು. ಸುಮಾರು ಇಪ್ಪತ್ತು ವರ್ಷ ಪ್ರತಿಯೊಂದು ಸಂಗೀತ ಕಚೇರಿಯ ವಿವರವನ್ನು, ಹಾಡಿದವರು ಯಾರು, ಪಕ್ಕವಾದ್ಯ ಯಾರದು, ಏನೇನು ಕೃತಿಗಳು ಎಂಬುದನ್ನೆಲ್ಲ, ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಇಟ್ಟಿದ್ದರು. ಸಭೆಯ ಸುವರ್ಣ ಮಹೋತ್ಸವಕ್ಕೆ ಒಂದು ಕಿರುಚಿತ್ರ ಮಾಡಿಕೊಡಬೇಕೆಂದು ನನ್ನನ್ನು ಕೇಳಿದರು. ಕಚೇರಿಗೆ ಸಂಬಂಧಪಡದ, ರಜಾ ದಿನಗಳಲ್ಲಿ ಮಾಡುವ ಕೆಲಸ. ಒಪ್ಪಿಕೊಂಡೆ. ಚಿತ್ರದ ಕೊನೆಗೆ ಇಪ್ಪತ್ತು ವರ್ಷಗಳ ಕಲಾವಿದರ ಹೆಸರೆಲ್ಲ ಪರದೆಯ ಮೇಲೆ ಸಾಗಿ ಹೋಗಬೇಕು ಎಂಬುದು ಅವರ ಆಸೆ. ಹೆಸರುಗಳೇನೋ ಇದ್ದವು, ಆದರೆ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇದ್ದವು. ನನಗೆ ಬೇಕಾಗಿದ್ದದ್ದು ಯೂನಿಕೋಡ್.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಹಳೆಯ ವಿಧಾನದಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷ್ ಹಾಗೂ ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆಂದು ಇದ್ದ ಜಾಗಗಳಲ್ಲಿ ನಮ್ಮ ಲಿಪಿಯ ಚೂರುಗಳನ್ನು, ಎಂದರೆ ತಲೆಕಟ್ಟು, ಕೊಂಬು, ಒತ್ತು, ದೀರ್ಘದ ಚಿಹ್ನೆ ಇವುಗಳನ್ನು, ಚಿತ್ರಗಳ ಹಾಗೆ ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಟೋಪಿ, ಬಾಲ ಹಚ್ಚಿಕೊಂಡ ರೋಮನ್ ಅಕ್ಷರಗಳ ಸಂತೆ. ಯೂನಿಕೋಡ್‌ನಲ್ಲಿ ಹಾಗಲ್ಲ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯೊಂದು ಅಲ್ಲಿದೆ. ಮುಖ್ಯ ವ್ಯತ್ಯಾಸವಿರುವುದು ಕ್ರಮದಲ್ಲಿ. ಹಳೆಯದು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸುತ್ತದೆ, ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು. ‘ಮೂರ್ತಿ’ ಎಂಬ ಪದವನ್ನೇ ನೋಡಿ. ನಾವು ಅದನ್ನು ಬರೆಯುವಾಗ ಅರ್ಕಾವೊತ್ತು ‘ತಿ’ ಅಕ್ಷರದ ಆಚೆ ಬದಿಗೆ ಬರುತ್ತದೆ. ಹಳೆಯ ಕಡತದಲ್ಲಿಯೂ ಮೊದಲು ‘ಮೂ’, ಆಮೇಲೆ ‘ತಿ’, ಕೊನೆಗೆ ಅರ್ಕಾವೊತ್ತು. ಚೂರಿಗೆ ಚೂರು ಬದಲಾಯಿಸುತ್ತ ಹೋದರೆ ಸಿಗುವ ಪದ ‘ಮೂತಿರ್’.

ಹೆಸರಿನ ಕೊನೆಗೆ ‘ಮೂರ್ತಿ’ ಇದ್ದ ಒಬ್ಬ ಹಿರಿಯ ಹಾರ್ಮೋನಿಯಂ ವಾದಕರು ಆ ಸಭೆಯಲ್ಲಿ ಎಷ್ಟೋ ವರ್ಷ ನುಡಿಸಿದ್ದರು. ಈಗ ಅವರಿಲ್ಲ. ಮಹೋತ್ಸವದ ಸಂಜೆ ಅವರ ಮಗಳು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಹೆಸರುಗಳು ಪರದೆಯ ಮೇಲೆ ಸಾಗಿದವು. ಅವರ ತಂದೆಯ ಹೆಸರೂ ಬಂತು, ಮೂತಿಯೊಂದಿಗೆ ಬಂತು. ಹಿಂದೆ ಕುಳಿತಿದ್ದ ಹುಡುಗರು ಕಿಸಕ್ಕೆಂದರು. ಕಾರ್ಯಕ್ರಮ ಮುಗಿದ ಮೇಲೆ ಆಕೆ ನನ್ನ ಬಳಿ ಬಂದು ಹೇಳಿದ್ದು ಇಷ್ಟೇ: “ಮೇಡಂ, ಅಪ್ಪನ ಹೆಸರು ಇನ್ನೊಂದು ಸಲ ತೋರಿಸುವಾಗ ಸರಿ ಮಾಡಿಕೊಡಿ.” ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಆ ತಪ್ಪನ್ನು ನಾನು ಹತ್ತು ದಿನ ಮೊದಲೇ ಸರಿಪಡಿಸಿದ್ದೆ! ಮನೆಯ ಕಂಪ್ಯೂಟರಿನಲ್ಲಿದ್ದ ಪ್ರೋಗ್ರಾಂ ‘ಮೂರ್ತಿ’ಯನ್ನು ಸರಿಯಾಗಿಯೇ ಬರೆಯುತ್ತಿತ್ತು. ಆದರೆ ಸಭಾಂಗಣಕ್ಕೆ ಹೋದ ಹೆಸರುಗಳ ಪಟ್ಟಿ ತಯಾರಾದದ್ದು ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಪ್ರತಿಯಿಂದ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿದ್ದೆ, ಆಮೇಲೆ ಬದಲಾಯಿಸಲು ಮರೆತಿದ್ದೆ.

ಇಂಥ ಪೇಚಿಗೆ ನಾನೇ ಮೊದಲಿಗಳಲ್ಲ ಎಂದು ಆಮೇಲೆ ತಿಳಿಯಿತು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬುವರಿದ್ದರು. ಒಂದು ದಿನ ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಸಿಡಿಮಿಡಿಗೊಂಡು ಇವರ ಕೋಣೆಗೆ ನುಗ್ಗಿದರಂತೆ. ತಪ್ಪನ್ನು ತಿದ್ದಿಯಾಗಿದೆ, ಆದರೆ ತಿದ್ದಿದ ಕಡತವನ್ನು ಯಂತ್ರಭಾಷೆಗೆ ಮತ್ತೆ ಪರಿವರ್ತಿಸಿಲ್ಲ. ಇಡೀ ಬೆಳಗ್ಗೆ ಇಲ್ಲದ ತಪ್ಪನ್ನು ಹುಡುಕಿದ್ದೇ ಬಂತು. ಈ ಗೋಳಿನಿಂದ ಹುಟ್ಟಿದ್ದೇ ಫೆಲ್ಡ್‌ಮನ್ ಅವರ ‘ಮೇಕ್’ ಎಂಬ ಉಪಕರಣ. ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂದು ಅದಕ್ಕೊಮ್ಮೆ ಬರೆದುಕೊಟ್ಟರೆ, ಬದಲಾದದ್ದನ್ನು ಮಾತ್ರ ಹುಡುಕಿ ಹೊಸದಾಗಿ ಕಟ್ಟುತ್ತದೆ. ಅರ್ಧ ಶತಮಾನದ ಹಿಂದಿನ ಉಪಕರಣ ಇಂದಿಗೂ ಬಳಕೆಯಲ್ಲಿದೆ. ಅದರಲ್ಲೊಂದು ಕುಖ್ಯಾತ ಕಿರಿಕಿರಿಯೂ ಇದೆ. ಆಜ್ಞೆಯ ಸಾಲು ಟ್ಯಾಬ್ ಕೀಲಿಯಿಂದಲೇ ಆರಂಭವಾಗಬೇಕು, ಅದೇ ಜಾಗವನ್ನು ಸ್ಪೇಸ್‌ಗಳಿಂದ ತುಂಬಿದರೆ ಕೇಳುವುದಿಲ್ಲ. ಇದು ಸರಿಯಲ್ಲ ಎಂದು ಫೆಲ್ಡ್‌ಮನ್‌ಗೆ ಬೇಗನೆ ಗೊತ್ತಾಯಿತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬಳಸಲು ಆರಂಭಿಸಿದ್ದರು, ಅವರಿಗೆ ತೊಂದರೆಯಾಗಬಾರದೆಂದು ಹಾಗೆಯೇ ಬಿಟ್ಟರು. ಆ ಹತ್ತು ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಜಗತ್ತು ಇಂದಿಗೂ ಟ್ಯಾಬ್ ಒತ್ತುತ್ತಿದೆ.

ಸರಿ, ನಮ್ಮ ಕಥೆಗೆ ಬರೋಣ. ಹೆಸರು ಸರಿ ಮಾಡಿಕೊಡುವುದಾಗಿ ಒಪ್ಪಿಕೊಂಡಿದ್ದೆನಲ್ಲ, ಈ ಬಾರಿ ಒಬ್ಬಳೇ ಮಾಡುವುದು ಬೇಡವೆನಿಸಿತು. ನಮ್ಮ ಬೀದಿಯಲ್ಲೇ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದಾರೆ. ಕರಡು ತಿದ್ದುವುದರಲ್ಲಿ ಪಳಗಿದ ಕಣ್ಣು. ಅವರನ್ನು ಕೇಳಿಕೊಂಡೆ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ ನಮ್ಮಕ್ಕನ ಮಗನನ್ನೂ ಸೇರಿಸಿಕೊಂಡೆ. ಪ್ರೋಗ್ರಾಂ ಪೈಥಾನ್ ಭಾಷೆಯಲ್ಲಿತ್ತು. ಇನ್ನೂರು ಸಾಲಿಗಿಂತ ಸ್ವಲ್ಪ ಹೆಚ್ಚು, ದೊಡ್ಡದೇನಲ್ಲ.

ಮೇಷ್ಟ್ರು ಮೊದಲ ದಿನವೇ ಒಂದು ತಪ್ಪು ಹಿಡಿದರು. ಯಾವುದೋ ಗಾಯಕಿಯ ಪರಿಚಯದಲ್ಲಿ ‘ರ‍್ಯಾಂಕ್’ ಎಂಬ ಪದವಿತ್ತು. ‘ರ’ ಅಕ್ಷರಕ್ಕೆ ಯಕಾರದ ಒತ್ತು ಬರಬೇಕಾದ ಕಡೆ, ‘ಯಾ’ ಬರೆದು ಅದಕ್ಕೆ ಅರ್ಕಾವೊತ್ತು ಹಾಕಿಬಿಟ್ಟಿತ್ತು ನನ್ನ ಪ್ರೋಗ್ರಾಂ. ಯೂನಿಕೋಡ್‌ನಲ್ಲಿ ಇವೆರಡನ್ನು ಬೇರೆ ಮಾಡಲು ಕಣ್ಣಿಗೆ ಕಾಣದ ಒಂದು ಜೋಡಿಸುವ ಚಿಹ್ನೆಯನ್ನು ನಡುವೆ ಇಡಬೇಕು. ಇಟ್ಟೆ. ರ‍್ಯಾಂಕ್ ಸರಿಹೋಯಿತು. ಮರುದಿನ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ ಬಂದರು. “ನೋಡಮ್ಮ, ರ‍್ಯಾಂಕೇನೋ ಬಂತು. ಆದರೆ ನಿನ್ನೆ ಚೆನ್ನಾಗಿದ್ದ ಸೂರ್ಯ, ಆಚಾರ್ಯ, ಕಾರ್ಯದರ್ಶಿ ಎಲ್ಲ ಕೆಟ್ಟುಕೂತಿವೆಯಲ್ಲ.” ಹೌದು, ‘ಕಾರ್ಯಕ್ರಮ’ ಎಂಬುದು ‘ಕಾರ‍್ಯಕ್ರಮ’ ಆಗಿತ್ತು. ಒಂದು ಪದಕ್ಕೆ ಕೊಟ್ಟ ಔಷಧಿ ನೂರು ಪದಗಳಿಗೆ ಕಾಯಿಲೆ ತಂದಿತ್ತು.

ಟೆಲಿವಿಷನ್ನಿನಲ್ಲಿ ರಿಹರ್ಸಲ್ ಏಕೆ ಮಾಡುತ್ತೇವೆ? ಹೊಸ ದೃಶ್ಯ ಸರಿ ಬರುತ್ತದೆಯೇ ಎಂದು ನೋಡುವುದಕ್ಕಷ್ಟೇ ಅಲ್ಲ. ದೀಪದ ಜಾಗ ಬದಲಾಯಿಸಿದ್ದರಿಂದ ನಿನ್ನೆ ಚೆನ್ನಾಗಿದ್ದ ದೃಶ್ಯದಲ್ಲಿ ನೆರಳು ಬಿದ್ದಿದೆಯೇ ಎಂದು ನೋಡುವುದಕ್ಕೆ. ತಂತ್ರಾಂಶದ ಪರೀಕ್ಷೆಯೂ ಅಷ್ಟೇ. ‘ಈ ಪದ ಕೊಟ್ಟರೆ ಈ ಪದ ಬರಬೇಕು’ ಎಂಬ ಸಣ್ಣ ಸಣ್ಣ ನಿರೀಕ್ಷೆಗಳನ್ನು ಬರೆದಿಟ್ಟು, ಪ್ರೋಗ್ರಾಂ ಬದಲಾದಾಗಲೆಲ್ಲ ಅಷ್ಟನ್ನೂ ಯಂತ್ರದ ಕೈಯಿಂದಲೇ ಪರಿಶೀಲಿಸುವುದು. ಆ ನಿರೀಕ್ಷೆಗಳನ್ನು ಹುಡುಕಿ, ಒಂದೊಂದಾಗಿ ಓಡಿಸಿ, ಎಲ್ಲಿ ತಪ್ಪಿತು ಎಂದು ವರದಿ ಕೊಡುವ ಸಿದ್ಧ ಉಪಕರಣಕ್ಕೆ ಪರೀಕ್ಷಾ ಚೌಕಟ್ಟು ಎಂದು ಹೆಸರು. 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಎಂಬಿಬ್ಬರು ಜ್ಯೂರಿಕ್‌ನಿಂದ ಅಟ್ಲಾಂಟಾಗೆ ಹೋಗುವ ವಿಮಾನದಲ್ಲಿ ಕುಳಿತು ಜಾವಾ ಭಾಷೆಗಾಗಿ ‘ಜೆಯೂನಿಟ್’ ಎಂಬ ಚೌಕಟ್ಟನ್ನು ಬರೆದರು. ಅದಕ್ಕೂ ಮೊದಲು ಬೆಕ್ ಅವರೇ ಸ್ಮಾಲ್‌ಟಾಕ್ ಭಾಷೆಗೆ ಅಂಥದ್ದೊಂದನ್ನು ಮಾಡಿದ್ದರು. ಇಂದು ಬಳಕೆಯಲ್ಲಿರುವ ಎಷ್ಟೋ ಭಾಷೆಗಳ ಚೌಕಟ್ಟುಗಳಲ್ಲಿ ಆ ವಂಶದ ಚಹರೆ ಇದೆ. ಪೈಥಾನ್ ಜೊತೆಗೇ ಬರುವ ‘ಯೂನಿಟ್‌ಟೆಸ್ಟ್’ ಕೂಡ ಅದೇ ಮನೆತನದ್ದು; 2001ರಿಂದ ಆ ಭಾಷೆಯ ಪೆಟ್ಟಿಗೆಯಲ್ಲೇ ಇದೆ.

ನಮ್ಮ ಜಗಳ ಆರಂಭವಾದದ್ದು ಇಲ್ಲಿ. ನನಗೆ ಯೂನಿಟ್‌ಟೆಸ್ಟ್ ಸಾಕು ಎನಿಸಿತ್ತು. ಪೆಟ್ಟಿಗೆಯಲ್ಲೇ ಇದೆ, ಬೇರೆ ಏನನ್ನೂ ತರಬೇಕಾಗಿಲ್ಲ, ನಾಳೆ ಯಾರೋ ನಿಲ್ಲಿಸಿಬಿಡುತ್ತಾರೆಂಬ ಭಯವಿಲ್ಲ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ‘ನೋಸ್’ ಎಂಬ ಚೌಕಟ್ಟು ಒಂದು ಕಾಲಕ್ಕೆ ಪೈಥಾನ್ ಬಳಗದಲ್ಲಿ ಬಹಳ ಜನಪ್ರಿಯವಾಗಿತ್ತು. ಅದರ ಕೊನೆಯ ಆವೃತ್ತಿ ಬಂದದ್ದು 2015ರಲ್ಲಿ. ಹೊಸ ಪೈಥಾನ್‌ಗಳಲ್ಲಿ ಅದು ಓಡುವುದಿಲ್ಲ, ನಂಬಿಕೊಂಡಿದ್ದವರು ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋಗಬೇಕಾಯಿತು. ಹುಡುಗನ ಮನಸ್ಸಿದ್ದುದು ‘ಪೈಟೆಸ್ಟ್’ ಮೇಲೆ. “ಚಿಕ್ಕಮ್ಮ, ಯೂನಿಟ್‌ಟೆಸ್ಟ್‌ನಲ್ಲಿ ಒಂದು ಪದ ಪರೀಕ್ಷಿಸೋಕೆ ಕ್ಲಾಸು, ಅದರೊಳಗೊಂದು ಮೆಥಡ್ಡು ಬರೀಬೇಕು. ಪೈಟೆಸ್ಟ್‌ನಲ್ಲಿ ಎರಡು ಸಾಲು ಸಾಕು,” ಎಂದ. ಅದು ನಿಜ. ಆದರೆ ನಮ್ಮದು ಇನ್ನೂರು ಸಾಲಿನ ಪ್ರೋಗ್ರಾಂ. ಎರಡು ಸಾಲಾದರೇನು, ಐದಾದರೇನು? ಎರಡು ಸಂಜೆ ಇದರಲ್ಲೇ ಕಳೆದವು. ಈಗ ಯೋಚಿಸಿದರೆ ಅರ್ಧ ಗಂಟೆಗಿಂತ ಹೆಚ್ಚಿನ ಚರ್ಚೆಗೆ ಅರ್ಹವಾದ ವಿಷಯವೇ ಅದಾಗಿರಲಿಲ್ಲ.

ಮಾತಿನ ದಿಕ್ಕು ಬದಲಾದದ್ದು ಮೇಷ್ಟ್ರಿಂದ. ಮೂಲೆಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದವರು ಕೇಳಿದರು: “ಅಲ್ಲಮ್ಮ, ತಪ್ಪು ಹುಡುಕೋನು ನಾನು. ಅದನ್ನ ಎಲ್ಲಿ ಬರೀಬೇಕು ಅಂತ ಒಬ್ಬರೂ ಹೇಳ್ತಿಲ್ಲವಲ್ಲ?” ಅವರ ಕೈಯಲ್ಲಿ ಎಂದಿನ ನೂರು ಪುಟದ ನೋಟ್‌ಬುಕ್ಕಿತ್ತು. ಎಡಗಡೆ ಬಂದದ್ದು, ಬಲಗಡೆ ಬರಬೇಕಾದದ್ದು.

ನಾವು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ಪರೀಕ್ಷೆಯನ್ನು ಬರೆಯುವವರು ಯಾರು? ನಮ್ಮಲ್ಲಿ ಪ್ರೋಗ್ರಾಂ ಬಲ್ಲವರಿಗೆ ಕನ್ನಡದ ಸೂಕ್ಷ್ಮ ಅಷ್ಟಾಗಿ ತಿಳಿಯದು. ಕನ್ನಡ ಬಲ್ಲವರಿಗೆ ಪ್ರೋಗ್ರಾಂ ತಿಳಿಯದು. ಯಾವ ಪದ ಕೆಡಬಹುದು ಎಂಬ ಜ್ಞಾನ ಮೇಷ್ಟ್ರಲ್ಲಿ ಇರುವಾಗ ಅವರು ಪ್ರತಿ ಸಲ ಹುಡುಗನಿಗಾಗಿ ಕಾಯುವಂತಾದರೆ ಅರ್ಧದಷ್ಟು ಪದಗಳು ನೋಟ್‌ಬುಕ್ಕಿನಲ್ಲೇ ಉಳಿದುಬಿಡುತ್ತವೆ. ಆದ್ದರಿಂದ ಪರೀಕ್ಷೆಗಳು ಪೈಥಾನ್ ಕಡತದಲ್ಲಿ ಇರಕೂಡದು. ಒಂದು ಸಾದಾ ಪಟ್ಟಿಯಲ್ಲಿರಬೇಕು. ಮೊದಲ ಅಂಕಣದಲ್ಲಿ ಹಳೆಯ ಫಾಂಟಿನ ಪಠ್ಯ, ಎರಡನೆಯದರಲ್ಲಿ ಸರಿಯಾದ ಯೂನಿಕೋಡ್, ಮೂರನೆಯದರಲ್ಲಿ ಮೇಷ್ಟ್ರ ಷರಾ. ಚೌಕಟ್ಟು ಆ ಪಟ್ಟಿಯನ್ನು ಓದಿ ಸಾಲಿಗೊಂದು ಪರೀಕ್ಷೆ ನಡೆಸಬೇಕು.

ಈ ಕಣ್ಣಿನಿಂದ ನೋಡಿದಾಗ ಪೈಟೆಸ್ಟ್ ಗೆದ್ದಿತು. ಒಂದೇ ಪರೀಕ್ಷೆಯನ್ನು ಬೇರೆ ಬೇರೆ ಮೌಲ್ಯಗಳಿಂದ ಓಡಿಸುವ ಸೌಲಭ್ಯ ಅದರಲ್ಲಿ ಸಹಜವಾಗಿದೆ. ಪ್ರತಿ ಸಾಲಿಗೂ ಒಂದು ಹೆಸರು ಕೊಡಬಹುದು. ತಪ್ಪಿದಾಗ ‘ಇಂಥ ಸಾಲು, ಬಂದದ್ದು ಇದು, ಬರಬೇಕಾದದ್ದು ಇದು’ ಎಂದು ಎರಡನ್ನೂ ಎದುರುಬದುರು ಇಟ್ಟು ತೋರಿಸುತ್ತದೆ. ಬೇಕಾದರೆ ತಪ್ಪಿದ ಸಾಲುಗಳನ್ನು ಮಾತ್ರ ಮತ್ತೊಮ್ಮೆ ಓಡಿಸಬಹುದು. ಯೂನಿಟ್‌ಟೆಸ್ಟ್‌ನಲ್ಲಿಯೂ ಉಪಪರೀಕ್ಷೆಗಳೆಂಬ ವ್ಯವಸ್ಥೆಯಿದೆ, ನ್ಯಾಯವಾಗಿ ಅದನ್ನೂ ಹೇಳಬೇಕು. ಅದರಲ್ಲಿಯೂ ಕೆಲಸ ನಡೆಯುತ್ತಿತ್ತು. ಮೇಷ್ಟ್ರು ಓದಬೇಕಾದ ವರದಿ ಇದರಲ್ಲಿ ಹೆಚ್ಚು ಸ್ಪಷ್ಟವಾಗಿತ್ತು ಎಂಬಷ್ಟಕ್ಕೇ ಹುಡುಗನ ಪಕ್ಷ ವಹಿಸಿದೆ. ಅವನು ಇನ್ನೂ ಅದು ತನ್ನ ವಾದದ ಗೆಲುವೆಂದೇ ತಿಳಿದಿದ್ದಾನೆ.

ಪಟ್ಟಿಯ ಮೊದಲ ಸಾಲು ‘ಮೂರ್ತಿ’. ಎರಡನೆಯದು ‘ರ‍್ಯಾಂಕ್’, ಮೂರನೆಯದು ‘ಕಾರ್ಯಕ್ರಮ’. ನಾಲ್ಕನೆಯದಾಗಿ ‘ಸ್ಥಿತಿ’ ಬಂತು. ಹಳೆಯ ಕಡತದಲ್ಲಿ ಇದರ ಕ್ರಮ ‘ಸಿ’, ಆಮೇಲೆ ಥಕಾರದ ಒತ್ತು. ಗುಣಿಸು ಮೊದಲು, ಒತ್ತು ಅನಂತರ. ಯೂನಿಕೋಡ್‌ಗೆ ಒತ್ತಾಗುವ ವ್ಯಂಜನ ಮೊದಲು ಬೇಕು, ಸ್ವರ ಕೊನೆಗೆ. ಬಳಿಕ ‘ರಾಜ್‌ಕುಮಾರ್’. ಇಲ್ಲಿ ‘ಜ್’ ಆದ ಮೇಲೆ ಅಗಲವೇ ಇಲ್ಲದ, ಕಣ್ಣಿಗೆ ಕಾಣದ, ಬೇರ್ಪಡಿಸುವ ಇನ್ನೊಂದು ಚಿಹ್ನೆ ಬೇಕು. ಅದಿಲ್ಲದಿದ್ದರೆ ಕಕಾರ ಹೋಗಿ ಜಕಾರದ ಕೆಳಗೆ ಒತ್ತಾಗಿ ಕುಳಿತುಬಿಡುತ್ತದೆ. ಕನ್ನಡ ನಾಡಿನಲ್ಲಿ ಆ ಹೆಸರನ್ನು ಹಾಗೆ ಬರೆದು ಬದುಕುವುದುಂಟೇ!

ಐದಾರು ದಿನ ಎಲ್ಲ ಸುಸೂತ್ರವಾಗಿ ಸಾಗಿತು. ಆಮೇಲೆ ಒಂದು ವಿಚಿತ್ರ ಎದುರಾಯಿತು. ‘ಕೋಲಾರ’ ಎಂಬ ಪದದ ಪರೀಕ್ಷೆ ತಪ್ಪಿದೆ ಎನ್ನುತ್ತಿದೆ ಯಂತ್ರ. ವರದಿಯಲ್ಲಿ ಬಂದದ್ದು ‘ಕೋಲಾರ’, ಬರಬೇಕಾದದ್ದೂ ‘ಕೋಲಾರ’. ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡಿದರು, ವ್ಯತ್ಯಾಸವಿಲ್ಲ. “ನಿಮ್ಮ ಯಂತ್ರಕ್ಕೆ ಚಾಳೀಸು ಬಂದಿದೆ,” ಎಂದು ತೀರ್ಪು ಕೊಟ್ಟರು.

ನಿಜ ಏನೆಂದರೆ, ಯೂನಿಕೋಡ್‌ನಲ್ಲಿ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಎರಡು ಬಗೆಯಾಗಿ ಬರೆಯಬಹುದು. ಇಡಿಯಾಗಿ ಒಂದೇ ಚಿಹ್ನೆಯೆಂದು ಬರೆಯಬಹುದು. ಅಥವಾ ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೂಪ. ಹಳೆಯ ಫಾಂಟಿನಲ್ಲಿ ‘ಕೋ’ ಬಿಡಿ ಚೂರುಗಳಿಂದಲೇ ಆಗಿರುವುದರಿಂದ ನನ್ನ ಪ್ರೋಗ್ರಾಂ ಬಿಡಿ ರೂಪವನ್ನು ಕೊಡುತ್ತಿತ್ತು. ಮೇಷ್ಟ್ರು ಕೀಲಿಮಣೆಯಲ್ಲಿ ಒತ್ತಿದ್ದು ಇಡಿ ರೂಪ. ನೋಡಲು ಒಂದೇ ಅಲ್ಲವೇ, ಬಿಟ್ಟುಬಿಡೋಣ ಎನ್ನುವಂತಿರಲಿಲ್ಲ. ನಾಳೆ ಯಾರಾದರೂ ಈ ಸಂಗ್ರಹದಲ್ಲಿ ‘ಕೋಲಾರ’ ಎಂದು ಹುಡುಕಿದರೆ ಬಿಡಿ ರೂಪದ ಕೋಲಾರ ಸಿಗದೇ ಹೋಗಬಹುದು. ಒಬ್ಬ ಕಲಾವಿದರ ಹೆಸರು ಸಂಗ್ರಹದಲ್ಲಿದ್ದೂ ಇಲ್ಲದಂತಾಗುವುದು ಎಂದರೆ ಇದೇ. ಈ ಎರಡು ರೂಪಗಳನ್ನು ಒಂದಾಗಿಸುವ ಸೂತ್ರವನ್ನು ಯೂನಿಕೋಡ್ ಸಂಸ್ಥೆಯೇ ಕೊಟ್ಟಿದೆ, ಪೈಥಾನ್‌ನಲ್ಲಿ ಅದು ಸಿದ್ಧವಾಗಿ ದೊರೆಯುತ್ತದೆ. ಒಂದೇ ಸಾಲು ಸೇರಿಸಿದೆವು. ಜೊತೆಗೆ, ಪರೀಕ್ಷೆ ತಪ್ಪಿದಾಗ ಪದದೊಂದಿಗೆ ಅದರ ಒಂದೊಂದು ಚಿಹ್ನೆಯ ಹೆಸರನ್ನೂ ವರದಿಯಲ್ಲಿ ಬಿಡಿಸಿ ಬರೆಯುವಂತೆ ಮಾಡಿದೆವು. ಕಾಣದ ಚಿಹ್ನೆಗಳು ಆಗ ಕಾಣತೊಡಗಿದವು. ಮೇಷ್ಟ್ರಿಗೆ ಈ ಭಾಗ ಬಹಳ ಹಿಡಿಸಿತು. ‘ಪದಚ್ಛೇದ’ ಎಂದು ಅದಕ್ಕೆ ಹೆಸರಿಟ್ಟರು.

ಇನ್ನು ಕಟ್ಟುವ ವ್ಯವಸ್ಥೆ, ತಂತ್ರಜ್ಞರು ‘ಬಿಲ್ಡ್’ ಎನ್ನುವುದು. ಟೇಪುಗಳ ಕಾಲದಲ್ಲಿ ಸಂಕಲನ ಮಾಡಿದವರಿಗೆ ಇದನ್ನು ವಿವರಿಸುವುದು ಸುಲಭ. ಯಾವ ಟೇಪಿನ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ಎಂಬ ಸಂಕಲನ ಪಟ್ಟಿಯೊಂದಿರುತ್ತಿತ್ತು. ಮೂಲ ಟೇಪುಗಳೂ ಆ ಪಟ್ಟಿಯೂ ಇದ್ದರೆ ಮಾಸ್ಟರ್ ಪ್ರತಿ ಹಾಳಾದರೂ ಅದೇ ಕಾರ್ಯಕ್ರಮವನ್ನು ಮತ್ತೆ ಕಟ್ಟಬಹುದಿತ್ತು. ಮೂಲ ಟೇಪಿನ ಮೇಲೆ ಯಾರಾದರೂ ಬೇರೆ ಏನನ್ನೋ ಮುದ್ರಿಸಿಬಿಟ್ಟರೆ ಪಟ್ಟಿ ಇದ್ದೂ ಪ್ರಯೋಜನವಿಲ್ಲ. ತಂತ್ರಾಂಶದಲ್ಲಿಯೂ ಹಾಗೆಯೇ, ಬೇರೆಯವರು ಬರೆದ ತುಣುಕುಗಳನ್ನು ನಾವು ಎರವಲು ತಂದಿರುತ್ತೇವೆ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಜಗತ್ತಿನಲ್ಲಿ ಒಬ್ಬರು ತಮ್ಮ ತುಣುಕುಗಳನ್ನು ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡರು. ಅವುಗಳಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ ಒಂದು, ಪದದ ಎಡಕ್ಕೆ ಖಾಲಿ ಜಾಗ ತುಂಬುವ ಹನ್ನೊಂದು ಸಾಲಿನ ಪ್ರೋಗ್ರಾಂ. ಅದಿಲ್ಲವೆಂದು ಜಗತ್ತಿನಾದ್ಯಂತ ಸಾವಿರಾರು ತಂತ್ರಾಂಶಗಳ ಬಿಲ್ಡ್ ಕೆಲವು ಗಂಟೆ ನಿಂತುಹೋಯಿತು.

ಆದ್ದರಿಂದ ಎರವಲು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂಬುದು ನನ್ನ ಹಟ. ತಂದ ತುಣುಕಿನ ಆವೃತ್ತಿಯ ಸಂಖ್ಯೆಯನ್ನು ಬಿಂದು ಸಹಿತ ಬರೆದಿಡಬೇಕು ಎಂಬುದು ಎರಡನೆಯ ಹಟ. ಫೆಲ್ಡ್‌ಮನ್‌ರ ಮೇಕ್ ಮೇಲೆ ನನಗೆ ಗೌರವವಿದ್ದರೂ ಅದನ್ನು ಆರಿಸಿಕೊಳ್ಳಲಿಲ್ಲ. ಹುಡುಗನ ಲಿನಕ್ಸ್ ಯಂತ್ರದಲ್ಲಿ ಅದಿತ್ತು. ಮೇಷ್ಟ್ರ ಮನೆಯ, ಸಭೆಯ ಆಫೀಸಿನ ವಿಂಡೋಸ್ ಯಂತ್ರಗಳಲ್ಲಿ ಇರಲಿಲ್ಲ. ಪೈಥಾನ್ ಬಳಗದವರು 2016ರಲ್ಲಿ ನಿರ್ಧರಿಸಿದ ‘ಪೈಪ್ರಾಜೆಕ್ಟ್’ ಎಂಬ ಒಂದೇ ವಿವರಣ ಕಡತದಲ್ಲಿ ಎಲ್ಲವನ್ನೂ ಬರೆದೆವು. ಸಭೆಯ ಆಫೀಸಿನಲ್ಲಿ ಪೈಥಾನ್ ಹಾಕಿಕೊಡುವುದು ಆಗದ ಮಾತಾಗಿದ್ದರಿಂದ, ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವ ‘ಪೈಇನ್‌ಸ್ಟಾಲರ್’ ಬಳಸಿದೆವು. ವಿಂಡೋಸ್‌ಗೆ ಬೇಕಾದ ಗಂಟನ್ನು ವಿಂಡೋಸ್‌ನಲ್ಲೇ ಕಟ್ಟಬೇಕು ಎಂಬುದು ಅದರ ನಿಯಮ. ಹೀಗಾಗಿ ಮೇಷ್ಟ್ರ ಮನೆಯೇ ನಮ್ಮ ಕಾರ್ಖಾನೆಯಾಯಿತು.

ಅಲ್ಲಿ ಮೊದಲ ದಿನ ನಮ್ಮ ಪಟ್ಟಿಯ ಅಷ್ಟೂ ಸಾಲುಗಳು ತಪ್ಪೆಂದು ಬಂದವು! ಹುಡುಗನ ಯಂತ್ರದಲ್ಲಿ ಎಲ್ಲ ಸರಿ, ಇಲ್ಲಿ ಎಲ್ಲ ತಪ್ಪು. ಕಾರಣ ಸಣ್ಣದು. ಕಡತವನ್ನು ಯಾವ ಸಂಕೇತದಲ್ಲಿ ಓದಬೇಕೆಂದು ನಾವು ಹೇಳಿರಲಿಲ್ಲ. ಹೇಳದಿದ್ದಾಗ ಆ ಪೈಥಾನ್ ಲಿನಕ್ಸ್‌ನಲ್ಲಿ ಯೂನಿಕೋಡಿನ ಯುಟಿಎಫ್-8 ಎಂದೂ, ವಿಂಡೋಸ್‌ನಲ್ಲಿ ಹಳೆಯ ಯುರೋಪಿಯನ್ ಸಂಕೇತವೆಂದೂ ಭಾವಿಸಿಕೊಂಡು ಓದುತ್ತಿತ್ತು. ಕಡತ ತೆರೆಯುವ ಕಡೆಯಲ್ಲೆಲ್ಲ ಸಂಕೇತದ ಹೆಸರನ್ನು ಬರೆದ ಮೇಲೆ ಸರಿಹೋಯಿತು. ಅಂದಿನಿಂದ ಒಂದು ಬದಲಾವಣೆ ಮಾಡಿದರೆ ಎರಡೂ ಬಗೆಯ ಯಂತ್ರಗಳಲ್ಲಿ ಪರೀಕ್ಷೆಗಳು ತಾವಾಗಿಯೇ ಓಡುವಂತೆ ಹುಡುಗ ಏರ್ಪಾಟು ಮಾಡಿದ್ದಾನೆ.

ಎರಡು ನಿಯಮಗಳನ್ನು ಮಾತ್ರ ನಾನೇ ಹಾಕಿದೆ. ಪಟ್ಟಿಯ ಒಂದು ಸಾಲು ತಪ್ಪಿದರೂ ಗಂಟು ಕಟ್ಟುವ ಕೆಲಸ ಅಲ್ಲಿಗೇ ನಿಲ್ಲಬೇಕು. ಇನ್ನೊಂದು, ಪ್ರೋಗ್ರಾಂ ತಯಾರಿಸುವ ಪ್ರತಿಯೊಂದು ಪಟ್ಟಿಯ ನೆತ್ತಿಯ ಮೇಲೆ ತನ್ನ ಆವೃತ್ತಿ ಸಂಖ್ಯೆ ಮತ್ತು ಕಟ್ಟಿದ ದಿನಾಂಕವನ್ನು ಅದು ಬರೆದುಕೊಳ್ಳಬೇಕು. ಚಿತ್ರೀಕರಣದಲ್ಲಿ ಕ್ಲ್ಯಾಪ್ ಹಲಗೆ ತೋರಿಸದೆ ಶಾಟ್ ಆರಂಭಿಸುವುದುಂಟೇ? ಆ ಸಂಜೆ ಸಭಾಂಗಣಕ್ಕೆ ಹೋದ ಪಟ್ಟಿಯ ಮೇಲೆ ಅಂಥ ಒಂದು ಸಾಲು ಇದ್ದಿದ್ದರೆ, ಅದು ಹಳೆಯದೆಂದು ಪರದೆ ಏರುವ ಮೊದಲೇ ನನಗೆ ತಿಳಿಯುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಇನ್ನೊಂದು ಊರಿನ ಸಭೆಯವರು ತಮ್ಮ ಹಳೆಯ ಕಡತಗಳನ್ನು ತಂದುಕೊಟ್ಟರು. ಪರೀಕ್ಷೆಗಳೆಲ್ಲ ಹಸಿರು. ಧೈರ್ಯದಿಂದ ಓಡಿಸಿದೆವು. ಬಂದದ್ದು ಕಲಸುಮೇಲೋಗರ. ಅವರದು ಬರಹ ತಂತ್ರಾಂಶದ ಫಾಂಟು, ನಮ್ಮ ಪಟ್ಟಿಯಲ್ಲಿದ್ದುದು ನುಡಿಯದು ಮಾತ್ರ. ಆಗ ನೆನಪಾದದ್ದು ಏರಿಯಾನ್-5 ರಾಕೆಟ್. 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಹಾರಿದ ಆ ಯುರೋಪಿಯನ್ ರಾಕೆಟ್ಟಿನ ದಿಕ್ಸೂಚಿ ವ್ಯವಸ್ಥೆ ಸುಮಾರು 37 ಸೆಕೆಂಡುಗಳಲ್ಲಿ ಕೈಕೊಟ್ಟಿತು, ರಾಕೆಟ್ ದಾರಿ ತಪ್ಪಿ ಆಕಾಶದಲ್ಲೇ ಚೂರಾಯಿತು. ಅದರ ತಂತ್ರಾಂಶ ಏರಿಯಾನ್-4ರಿಂದ ಎರವಲು ಬಂದದ್ದು. ಅಲ್ಲಿ ಪರೀಕ್ಷೆಗೆ ಒಳಪಟ್ಟು ವರ್ಷಗಟ್ಟಲೆ ಚೆನ್ನಾಗಿ ದುಡಿದದ್ದು. ಹೊಸ ರಾಕೆಟ್ಟಿನ ಪಥ ಬೇರೆ, ವೇಗ ಬೇರೆ. 64 ಬಿಟ್‌ಗಳ ಒಂದು ಸಂಖ್ಯೆ 16 ಬಿಟ್‌ಗಳ ಜಾಗದಲ್ಲಿ ಹಿಡಿಸದೆ ಹೋಯಿತು. ಹೊಸ ಪಥದ ಅಂಕಿಗಳನ್ನು ಕೊಟ್ಟು ಆ ಭಾಗವನ್ನು ಯಾರೂ ಓಡಿಸಿ ನೋಡಿರಲಿಲ್ಲ. ನಾವೂ ಅದನ್ನೇ ಮಾಡಿದ್ದೆವು, ರಾಕೆಟ್ ಇರಲಿಲ್ಲ ಅಷ್ಟೇ. ಈಗ ನಮ್ಮ ಪಟ್ಟಿಗೆ ನಾಲ್ಕನೆಯ ಅಂಕಣ ಬಂದಿದೆ: ಯಾವ ಫಾಂಟು. ಅಪರಿಚಿತ ಫಾಂಟು ಬಂದರೆ ಪ್ರೋಗ್ರಾಂ ಊಹೆ ಮಾಡದೆ ‘ತಿಳಿಯದು’ ಎಂದು ನಿಲ್ಲುತ್ತದೆ.

ಸದ್ಯಕ್ಕೆ ಪಟ್ಟಿಯಲ್ಲಿ ನಾನೂರು ಚಿಲ್ಲರೆ ಸಾಲುಗಳಿವೆ. ಬಹುಪಾಲು ಮೇಷ್ಟ್ರವು. ತಪ್ಪೊಂದು ಸಿಕ್ಕಿದರೆ ಅವರು ಮೊದಲು ಸಾಲು ಸೇರಿಸುತ್ತಾರೆ, ಅದು ಕೆಂಪಾಗುವುದನ್ನು ಕಣ್ಣಾರೆ ನೋಡುತ್ತಾರೆ, ಆಮೇಲಷ್ಟೇ ನಮಗೆ ಫೋನ್ ಮಾಡುತ್ತಾರೆ. ಕೆಂಪಾಗದ ಸಾಲು ಬರೆದೇನು ಪ್ರಯೋಜನ ಎಂಬುದು ಅವರ ವಾದ. ಹುಡುಗನ ಪಠ್ಯಪುಸ್ತಕವೂ ಅದನ್ನೇ ಹೇಳುತ್ತದಂತೆ.

ತಿದ್ದಿದ ಹೆಸರುಗಳೊಂದಿಗೆ ಕಿರುಚಿತ್ರವನ್ನು ಸಭೆಯ ವಾರ್ಷಿಕೋತ್ಸವದಲ್ಲಿ ಮತ್ತೆ ತೋರಿಸಿದೆವು. ಹಾರ್ಮೋನಿಯಂ ವಾದಕರ ಮಗಳು ಬಂದಿದ್ದರು. ಈ ಬಾರಿ ತಂದೆಯ ಹೆಸರು ಸರಿಯಾಗಿತ್ತು. ಅವರು ನೋಡಿ ಸಂತೋಷಪಟ್ಟರು, ಆಮೇಲೆ ಮೆಲ್ಲಗೆ ಕೇಳಿದರು: “ಹೆಸರು ಸರಿಯಾಗಿದೆ ಮೇಡಂ. ಆದರೆ ಆ ವರ್ಷ ನಮ್ಮಪ್ಪ ನುಡಿಸಿದ್ದು ಗಣೇಶನ ಹಬ್ಬದ ಕಚೇರಿಗೆ, ರಾಮನವಮಿಗಲ್ಲ.” ಮೂಲದಲ್ಲೇ ಕಾರ್ಯದರ್ಶಿಗಳ ಕೈ ತಪ್ಪಿತ್ತು. ನಮ್ಮ ಪಟ್ಟಿಗೆ ಸಿಗುವಂಥ ತಪ್ಪಲ್ಲ ಅದು. ಮೇಷ್ಟ್ರು ಈಗ ಸಭೆಯ ಉಗ್ರಾಣದಲ್ಲಿದ್ದ ಹಳೆಯ ಆಹ್ವಾನ ಪತ್ರಿಕೆಗಳ ಟ್ರಂಕನ್ನು ಮನೆಗೆ ತರಿಸಿಕೊಂಡು, ಒಂದೊಂದನ್ನೂ ಬಿಡಿಸಿ ಇಟ್ಟುಕೊಂಡು ಕುಳಿತಿದ್ದಾರೆ.